ಬಾಗಿಲ ಧೂಳಿನಲ್ಲಿ ನಿನ್ನ ಇಂಗ್ಲಿಷ್

ಒಡಿಲ್,

ನೀನು ತೀರಿಕೊಂಡ ಮೇಲೆ ಮೊದಲ ಸಲ ನಮ್ಮ ಕಾರನ್ನು ನೋಡಿದೆ. ನಾನು ಗೇರ್‌ಬಾಕ್ಸ್ ಮಾಡಿದ, ಲ ಮಾನ್ ರೇಸಿನಲ್ಲಿ ಹಗಲೂ ರಾತ್ರಿ ಓಡಿ ಗೆದ್ದ ಅದೇ ಕಾರು ಇವತ್ತು ಮ್ಯೂಸಿಯಂ ಸೇರಿತು. ಗೆದ್ದ ಕಾರನ್ನು ತೊಳೆಯುವುದಿಲ್ಲವಲ್ಲ, ಓಟದಲ್ಲಿ ಬಡಿದು ಸತ್ತ ನೊಣಗಳೂ ಹಾಗೇ ಇವೆ.

ಅಲ್ಲಿ ಕಾರು ನೋಡಿಕೊಳ್ಳುವ ಸೊಲೆನ್ ಬಟ್ಟೆ ಹಿಡಿದು ಬಂದಳು. “ತಾತ, ಬಾಗಿಲ ಧೂಳಲ್ಲಿ ಯಾರೋ ‘ಕಮ್ ಓಮ್’ ಅಂತ ಗೀಚಿದ್ದಾರೆ. ‘ಹೋಮ್’ ಅಂತ ಬರೆಯೋಕೂ ಬರಲ್ವಾ ಅವ್ರಿಗೆ? ಒರೆಸಿಬಿಡ್ಲಾ?”

ಗೆದ್ದ ಸಂಜೆ, ವರ್ಕ್‌ಶಾಪ್ ಬಿಟ್ಟು ಮನೆಗೆ ಬಾರದ ನನಗೆ, ನನ್ನ ಕಾಲೇಜು ಇಂಗ್ಲಿಷನ್ನು ಅಣಕಿಸಿ ನೀನು ಬರೆದದ್ದು. ನಮ್ಮ ಫ್ರೆಂಚ್ ಬಾಯಿಗೆ ‘ಹ’ ಎಲ್ಲಿ ಬರುತ್ತದೆ.

“ಬೇಡಮ್ಮ, ಅದೂ ಓಟದ ಧೂಳೇ.”

“ಮತ್ತೆ ಯಾರಿಗೆ ಬರೆದಿದ್ರೋ ಆ ಮನುಷ್ಯ ಮನೆಗೆ ಹೋದ್ನಾ?” ಎಂದು ನಕ್ಕಳು.

ನಾನು ಗೇರ್‌ಬಾಕ್ಸಿನ ಮಾತೆತ್ತಿದೆ.

ಇವತ್ತು ನೇರ ಮನೆಗೇ ಬಂದೆ, ಒಡಿಲ್. ಬೀಗ ನಾನೇ ತೆಗೆದೆ.