ಕತ್ತರಿಸಿ ಕಳುಹಿಸಿದ ಹಾಳೆಗಳು

ಮಾನ್ಯ ಗಣಿತದ ಮೇಷ್ಟ್ರಿಗೆ ವಂದನೆಗಳು.

ಕಾಲೇಜು ಮುಗಿದರೂ ಗಣಿತವನ್ನು ನಾನೇ ಓದಿ ಕಲಿಯುತ್ತಿರುವೆನೆಂದು ಹೋದ ಪತ್ರದಲ್ಲಿ ಹೆಮ್ಮೆಯಿಂದ ಬರೆದಿದ್ದೆ. ಅದು ಪೂರ್ತಿ ನಿಜವಲ್ಲ. ದಿನವಿಡೀ ಕಾರ್ಖಾನೆಯಲ್ಲಿ ಅಂಗಿಗಳಿಗೆ ಕಾಲರ್ ಹೊಲಿದು ಬಂದು ಪುಸ್ತಕ ತೆರೆಯುತ್ತೇನೆ. ಲೆಕ್ಕ ಕಠಿಣವಾದೊಡನೆ ಬೆರಳು ತಾನಾಗಿ ಕೊನೆಯ ಪುಟಗಳಿಗೆ ಹೋಗುತ್ತದೆ. ಉತ್ತರ ನೋಡಿ, ಇದು ನನಗೆ ಗೊತ್ತಿತ್ತೆಂದುಕೊಂಡು, ಸರಿ ಗುರುತು ಹಾಕಿಕೊಳ್ಳುತ್ತೇನೆ.

ನಿನ್ನೆ ಅಕ್ಕ ನೋಡಿಬಿಟ್ಟಳು. “ಕ್ಲಾಸಿಗೇ ಫಸ್ಟ್ ಬಂದವಳೇ, ಈಗ ಯಾರ ಕಣ್ಣಿಗೆ ಮಣ್ಣೆರಚ್ತಿದ್ದೀಯೇ?” ಎಂದು ನಕ್ಕಳು. ನಾನು ನಗಲಿಲ್ಲ.

ಉತ್ತರಗಳ ಹನ್ನೊಂದು ಹಾಳೆಗಳನ್ನು ಕತ್ತರಿಸಿ ಇದರೊಂದಿಗೆ ಇಟ್ಟಿದ್ದೇನೆ. ದಯವಿಟ್ಟು ನಿಮ್ಮಲ್ಲಿರಲಿ, ನಾನೇ ಬಂದು ಬೇಡಿದರೂ ಕೊಡಬೇಡಿ.

ನಿನ್ನೆ ರಾತ್ರಿಯಿಂದ ಕಾಡಿದ ಲೆಕ್ಕವೊಂದನ್ನು ಇಂದು ಉತ್ತರ ನೋಡದೆ ಬಿಡಿಸಿದೆ. ಅದನ್ನೂ ಬರೆದು ಕಳುಹಿಸಿ, ಸರಿಯೇ ಎಂದು ಕೇಳೋಣವೆನಿಸಿತು. ಕೇಳುತ್ತಿಲ್ಲ.

ಇಂತಿ,
ನಿಮ್ಮ ಮೊದಲ ಬೆಂಚಿನ ವಿದ್ಯಾರ್ಥಿನಿ