ಸೊನ್ನೆಗೆ ಬಂದ ಮೀಟರು

೧೨ ನವೆಂಬರ್ ೧೯೫೭, ಮಂಗಳವಾರ. ಸಾಗರ.

ಮೋಟಾರ್ ಸೈಕಲ್ ಮಾರಿದ್ದಾಯಿತು. ಒಳ್ಳೆ ಬೆಲೆಗೇ ಹೋಯಿತು. ನಿದ್ದೆ ಮಾತ್ರ ಹತ್ತುತ್ತಿಲ್ಲ.

ಹೊಸನಗರದ ಜವಳಿ ಅಂಗಡಿಯ ವೃಷಭರಾಜ ಬೆಳಿಗ್ಗೆಯೇ ಬಂದಿದ್ದರು. ಬಗ್ಗಿ ಮೀಟರು ನೋಡಿದರು. ಅದು ನಾನೂರು ಮೈಲಿ ತೋರಿಸುತ್ತಿತ್ತು. ಕೇಳುವ ಮೊದಲೇ ನಾನು ಹೇಳಿಬಿಟ್ಟೆ: "ಅದನ್ನು ನಂಬಬೇಡಿ. ಗಾಡಿ ಲಕ್ಷ ಮೈಲಿ ಓಡಿದೆ. ಹೋದ ತಿಂಗಳು ಮಂಡಗದ್ದೆ ಹತ್ತಿರ ಒಂಬತ್ತೆಲ್ಲ ಉರುಳಿ ಸೊನ್ನೆಯಾಯಿತು."

ಅವರು ನಕ್ಕರು. "ಡಾಕ್ಟ್ರೇ, ನಮ್ಮೂರ ಬಸ್ಸೇ ಅಷ್ಟು ಓಡಿಲ್ಲ. ತೀರ್ಥಹಳ್ಳಿಯವ್ರು ಯಾರೋ ಜಾಸ್ತಿ ಬೆಲೆಗೆ ಕೇಳಿದಾರೆ. ನನ್ನ ಸಾಗಹಾಕೋಕೆ ಈ ಕಥೆ ಹೇಳ್ತಿದೀರಿ."

ಹತ್ತು ವರ್ಷ ಮೂರು ತಾಲ್ಲೂಕಿನ ದನಗಳಿಗೆ ಔಷಧಿ ಹೊತ್ತು ಈ ಗಾಡಿಯಲ್ಲೇ ಅಲೆದಿದ್ದೇನೆ ಎಂದೆ. ಕೇಳಲಿಲ್ಲ. ಕಾಲಿಡುವ ರಬ್ಬರನ್ನು ಬೆರಳಿನಿಂದ ಒತ್ತಿದರು. "ಲಕ್ಷ ಓಡಿದ್ರೆ ಇದು ಹಿಂಗಿರ್ತಿತ್ತಾ?" ಎಂದು ತಾವಾಗಿಯೇ ಐವತ್ತು ರೂಪಾಯಿ ಏರಿಸಿದರು.

ಇವಳು ಆಗಿನಿಂದ ಒಂದೇ ಮಾತು ಹೇಳುತ್ತಿದ್ದಾಳೆ. "ನಿಜ ಹೇಳಿದ್ರಲ್ಲ. ಅವ್ರು ನಂಬ್ಲಿಲ್ಲ ಅಂದ್ರೆ ನೀವೇನು ಮಾಡೋಕಾಗುತ್ತೆ? ದೀಪ ಆರಿಸಿ ಮಲಗಿ."

ಹೌದು, ಹೇಳಿದ್ದೇನೆ. ಮೀಟರಿನ ವಿಷಯವನ್ನು ಯಾವ ದೇವರ ಮುಂದೆ ಬೇಕಾದರೂ ಹೇಳುತ್ತೇನೆ.

ಹಳೆಯ ರಬ್ಬರು ಸವೆದು ಒಳಗಿನ ಕಬ್ಬಿಣ ಕಾಣುತ್ತಿತ್ತು. ಹೋದ ಶನಿವಾರ ಶಿವಮೊಗ್ಗದಿಂದ ಹೊಸದು ತಂದು ನಾನೇ ಹಾಕಿದೆ. ಅವರು ಅದನ್ನು ಒತ್ತಿ ನೋಡುವಾಗ ನಾನು ಒಳಗೆ ತಿರುಗಿ ಕಾಫಿಗೆ ಕೂಗಿದೆ.