ತಪ್ಪಿಸಿಕೊಂಡ ಒಂದು ‘ಳು’

ಗ್ರಂಥಾಲಯಗಳ ಪುಸ್ತಕ ಆಯ್ಕೆ ಸಮಿತಿಯ ಅಧ್ಯಕ್ಷರಿಗೆ,

ಮಾನ್ಯರೇ,

ನಿಮ್ಮ ಒಂದು ಸೂಚನೆಯಿಂದ ಹದಿನಾಲ್ಕು ವರ್ಷದ ಹುಡುಗಿಯೊಬ್ಬಳು ಹುಡುಗನಾದಳು. ಆ ಕೆಲಸ ಮಾಡಿದ ಕೈ ನನ್ನದು. ಹಾಗಾಗಿ ಇದು ನಿಮ್ಮ ಮೇಲಿನ ದೂರು ಎಷ್ಟೋ, ನನ್ನ ತಪ್ಪೊಪ್ಪಿಗೆಯೂ ಅಷ್ಟೇ.

ನಾನು ಮುದ್ರಣಾಲಯವೊಂದರಲ್ಲಿ ಕರಡು ತಿದ್ದುವವನು. ಹದಿಹರೆಯದವರಿಗೆಂದು ಬರೆದ ಕಾದಂಬರಿಯೊಂದು ನನ್ನ ಮೇಜಿಗೆ ಬಂದಿತ್ತು. ಸೇತುವೆ ಕುಸಿದದ್ದನ್ನು ಕಂಡ ಹುಡುಗಿ ಹೊಳೆ ಈಜಿ, ಆಚೆ ದಡದಲ್ಲಿ ಬರುತ್ತಿದ್ದ ಬಸ್ಸನ್ನು ನಿಲ್ಲಿಸುತ್ತಾಳೆ. ಅಚ್ಚಿಗೆ ಮೊದಲು ಕರಡು ನೋಡಿದ ನೀವು ಬರೆದಿರಿ: ‘ಕಥೆ ಸೊಗಸಾಗಿದೆ. ಆದರೆ ಬಾಲಕಿಗೆ ಇಷ್ಟು ಧೈರ್ಯ ಸಹಜವೆನಿಸದು. ನಾಯಕಿಯನ್ನು ನಾಯಕನನ್ನಾಗಿಸಿದಲ್ಲಿ ಆಯ್ಕೆಗೆ ಪರಿಗಣಿಸಲಾಗುವುದು.’ ಹೊಳೆಗೂ ಈ ನಿಯಮ ಗೊತ್ತಿತ್ತೇ, ಮಾನ್ಯರೇ? ಹುಡುಗಿಯೆಂದು ತಿಳಿದು ಮುಳುಗಿಸಿಬಿಡುತ್ತಿತ್ತೇ? ಹುಡುಗಿಯರಿಗೆ ಅನ್ಯಾಯವಾಗಬಾರದೆಂಬ ಕಾಳಜಿಯೂ ನಿಮಗಿತ್ತು. ದಡದಲ್ಲಿ ಅಳುತ್ತಾ ನಿಲ್ಲುವ ತಂಗಿಯೊಬ್ಬಳನ್ನು ಸೇರಿಸಲು ಹೇಳಿದಿರಿ. ಎಂಥ ಉದಾರತೆ.

‘ಪುಸ್ತಕ ಮಕ್ಕಳ ಕೈ ಸೇರಿದ್ರೆ ಸಾಕು’ ಎಂದು ಲೇಖಕಿ ಸೋತ ದನಿಯಲ್ಲಿ ಒಪ್ಪಿದರು. ನಮ್ಮ ಯಜಮಾನರು, ‘ಳು ತೆಗೆದು ನು ಹಾಕೋದು ತಾನೇ? ಒಂದು ಮಧ್ಯಾಹ್ನದ ಕೆಲಸ’ ಅಂದರು. ನಾನು ಕೂತು ಅವಳನ್ನು ಅವನಾಗಿಸಿದೆ. ಓಡಿದಳು ಓಡಿದನು, ಕೂಗಿದಳು ಕೂಗಿದನು. ಅಳುವ ತಂಗಿಯ ನಾಲ್ಕು ಸಾಲನ್ನೂ ನಾನೇ ಬರೆದೆ. ಚೆನ್ನಾಗಿ ಬಂದಿವೆ ಎಂದು ಒಳಗೊಳಗೇ ಬೀಗಿದೆ ಕೂಡ. ಅದನ್ನು ನೆನೆದರೆ ನಾಚಿಕೆಯಿಂದ ತಲೆ ಎತ್ತಲಾಗುವುದಿಲ್ಲ. ಪುಸ್ತಕವೇನೋ ಆಯ್ಕೆಯಾಯಿತು.

ಒಂದು ಕಡೆ ಮಾತ್ರ ಕಣ್ತಪ್ಪಿತ್ತು. ‘ಧುಮುಕಿದಳು’ ಎಂಬ ಪದ ಪುಟದ ಕೊನೆಯಲ್ಲಿ ಒಡೆದು, ‘ಳು’ ಒಂಟಿಯಾಗಿ ಮುಂದಿನ ಪುಟದ ತಲೆಗೆ ಹೋಗಿ, ಹಾಗೇ ಅಚ್ಚಾಗಿತ್ತು. ಮನೆಗೆ ತಂದ ಪ್ರತಿಯಲ್ಲಿ ಅದನ್ನು ಹಿಡಿದವಳು ಹದಿಮೂರು ವರ್ಷದ ನನ್ನ ಮಗಳು.

‘ಅಪ್ಪಾ, ಇಲ್ಲಿ ಧುಮುಕಿದಳು ಅಂತಿದೆ. ತಂಗಿ ದಡದಲ್ಲೇ ಅಳ್ತಾ ನಿಂತಿದ್ಲಲ್ಲ? ಮತ್ತೆ ಧುಮುಕಿದ್ದು ಯಾರು?’

ನಿಜ ಹೇಳಬಹುದಿತ್ತು. ಬಾಯಿಗೆ ಬಂದದ್ದು ಬೇರೆ: ‘ಅಚ್ಚಿನ ತಪ್ಪು ಕಣಮ್ಮ.’

‘ನಾನೂ ಹಾಗೇ ಅನ್ಕೊಂಡೆ. ಕಥೇಲಿ ಹುಡುಗೀನ ಯಾಕೆ ಧುಮುಕಿಸ್ತಾರೆ?’ ಎಂದವಳೇ ಪೆನ್ಸಿಲ್ ಎತ್ತಿಕೊಂಡು, ನಾನು ಕಲಿಸಿಕೊಟ್ಟ ಗುರುತನ್ನೇ ಹಾಕಿ, ‘ಳು’ ಹೊಡೆದುಹಾಕಿ, ಅಂಚಿನಲ್ಲಿ ದುಂಡಗೆ ‘ನು’ ಎಂದು ಬರೆದಳು.

ಮರುಮುದ್ರಣದವರೆಗೆ ಕಾಯುವಷ್ಟು ಹೊತ್ತಿಲ್ಲ, ಅವಳು ಬೆಳೆಯುತ್ತಿದ್ದಾಳೆ. ನೀವು ಕೊಂಡ ಎಲ್ಲ ಪ್ರತಿಗಳಿಗೂ ಒಂದು ತಪ್ಪು-ಒಪ್ಪು ಚೀಟಿ ಅಂಟಿಸಲು ಆದೇಶಿಸಿ: ‘ಹೊಳೆ ಈಜಿದ ಮಗುವಿಗೆ ನು ಎಂದಿರುವಲ್ಲೆಲ್ಲ ಳು ಎಂದು ಓದಿಕೊಳ್ಳುವುದು. ಅಳುವ ತಂಗಿ ಮೂಲದಲ್ಲಿಲ್ಲ.’ ಚೀಟಿ ಅಚ್ಚು ಹಾಕಿಸುವುದು, ಅಂಟಿಸುವುದು ನನಗೆ ಬಿಡಿ. ಮೊದಲನೆಯದು ನಮ್ಮ ಮನೆಯ ಪ್ರತಿಗೆ. ಅದನ್ನು ಮಗಳಿಗೆ ಓದಿ ಹೇಳುವ ಧೈರ್ಯ ಮಾತ್ರ ಇನ್ನೂ ಕೂಡಿಬಂದಿಲ್ಲ.

ಇಂತಿ,
ಇಡೀ ಪುಸ್ತಕದಲ್ಲಿ ಒಂದೇ ಒಂದು ಪದವನ್ನು ಸರಿಯಾಗಿ ಉಳಿಸಿದ, ಅದೂ ಕಣ್ತಪ್ಪಿನಿಂದ,
ಕರಡು ತಿದ್ದುವವನು